ಹಿಂದಿನಿಂದ ಗುದ್ದಿದರೆ ತಪ್ಪು ಯಾವಾಗಲೂ ಹಿಂದಿನವರದೇನಾ?

ಪ್ರಶ್ನೆ: ವಕೀಲರೇ, ನಾವು ಧಾರವಾಡದವರು, ಹನ್ನೊಂದು ವರ್ಷದಿಂದ ಪುಣೆ ಪಕ್ಕದ ಪಿಂಪ್ರಿಯಲ್ಲಿದ್ದೇವೆ. ಹೋದ ವಾರ ರಾತ್ರಿ ಊರಿನಿಂದ ವಾಪಸ್ ಬರುವಾಗ ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಸೇತುವೆ ಕಡೆ ಇಳಿಯುತ್ತಿದ್ದೆವು. ಮುಂದಿದ್ದ ಟ್ಯಾಕ್ಸಿ ಹೆದ್ದಾರಿಯಲ್ಲೇ ನಿಂತುಬಿಟ್ಟಿತು, ರಸ್ತೆ ಬದಿ ಕೈ ಮಾಡಿದ ಯಾರನ್ನೋ ಹತ್ತಿಸಿಕೊಳ್ಳಲು. ನಾನು ಜೋರಾಗಿ ಬ್ರೇಕ್ ಒತ್ತಿದೆ. ಕಾರು ನಿಂತಿತ್ತು ಎಂದೇ ನನ್ನ ನೆನಪು. ಅಷ್ಟರಲ್ಲಿ ಹಿಂದಿನಿಂದ ಟೆಂಪೊ ಗುದ್ದಿತು, ನಮ್ಮ ಕಾರು ಹೋಗಿ ಟ್ಯಾಕ್ಸಿಗೆ ಬಡಿಯಿತು. ಟೆಂಪೊದವನು ಬ್ರೇಕ್ ಫೇಲ್ ಅಂದ. ಟ್ಯಾಕ್ಸಿಯವನು ನನ್ನ ಮೇಲೇ ಏರಿ ಬಂದ. ಸೇರಿದ ಜನರೂ ‘ಹಿಂದಿನಿಂದ ಗುದ್ದಿದವನದೇ ತಪ್ಪು’ ಅಂದರು. ಗಾಬರಿಯಲ್ಲಿ ಮರಾಠಿಯಲ್ಲಿ ಬರೆದಿದ್ದ ಒಂದು ಕಾಗದಕ್ಕೆ ಸಹಿ ಹಾಕಿ, 8,000 ರೂಪಾಯಿ ಕೊಟ್ಟು ಬಂದೆ. ಈಗ ನಮ್ಮ ಮನೆಯವರಿಗೆ ಕುತ್ತಿಗೆ ನೋವು ಜಾಸ್ತಿಯಾಗಿದೆ. ನಿಜವಾಗಿ ತಪ್ಪು ಯಾರದು?

ಉತ್ತರ: ತಪ್ಪು ಯಾರದು ಅನ್ನುವುದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಮನೆಯವರನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರ ಹತ್ತಿರ ಸುಮ್ನೆ ‘ಕುತ್ತಿಗೆ ನೋವು’ ಅನ್ನಬೇಡಿ. ಇಂಥ ದಿನ, ಇಂಥ ಜಾಗದಲ್ಲಿ, ಹಿಂದಿನಿಂದ ವಾಹನ ಗುದ್ದಿದಾಗ ಶುರುವಾದ ನೋವು ಎಂದು ಹೇಳಿ, ಅದನ್ನು ಕೇಸ್ ಪೇಪರಿನಲ್ಲಿ ಬರೆಸಿ. ಹಿಂದಿನಿಂದ ಗುದ್ದಿದಾಗ ಕುತ್ತಿಗೆಗೆ ಬೀಳುವ ಪೆಟ್ಟು ಎಷ್ಟೋ ಸಲ ಮಾರನೆಯ ದಿನ, ಮೂರನೆಯ ದಿನ ಗೊತ್ತಾಗುತ್ತದೆ. ಆದರೆ ಕಾಗದದಲ್ಲಿ ಅದು ಮೂಡದೆ ತಿಂಗಳಾದರೆ ‘ಈ ನೋವು ಅಪಘಾತದ್ದೇ ಅಲ್ಲ’ ಎಂದು ಇನ್ಶೂರೆನ್ಸ್ ಕಡೆಯ ವಕೀಲರು ವಾದ ಮಾಡುತ್ತಾರೆ. ಪುಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಕೇಸುಗಳನ್ನೇ ನಡೆಸಿಕೊಂಡು ಬಂದಿದ್ದೇನೆ. ನಿಜವಾದ ನೋವಿದ್ದೂ ಒಂದು ಚೀಟಿ ಇಲ್ಲದೆ ಬರಿಗೈಯಲ್ಲಿ ಹೋದವರನ್ನು ನೋಡಿ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ಪ್ರಶ್ನೆಗೆ ಬರೋಣ. ‘ಹಿಂದಿನಿಂದ ಗುದ್ದಿದವನದೇ ತಪ್ಪು’ ಅನ್ನುವುದು ರಸ್ತೆಯ ಮಾತು. ಅದು ಪೂರ್ತಿ ಸುಳ್ಳಲ್ಲ. 1989ರ ರಸ್ತೆ ನಿಯಮಗಳಲ್ಲಿ 23ನೆಯದು ಇದನ್ನೇ ಹೇಳುತ್ತಿತ್ತು: ಮುಂದಿನ ವಾಹನ ತಟ್ಟನೆ ನಿಧಾನವಾದರೂ, ನಿಂತರೂ ಗುದ್ದದಷ್ಟು ಅಂತರವನ್ನು ಹಿಂದಿನವರು ಇಟ್ಟುಕೊಳ್ಳಬೇಕು. ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಅದರ ಪಕ್ಕದಲ್ಲೇ ಇದ್ದ 24ನೆಯ ನಿಯಮ ಯಾರಿಗೂ ನೆನಪಿರುವುದಿಲ್ಲ. ಸುರಕ್ಷತೆಗೆ ಬೇಕಾದ ಹೊರತು ಯಾರೂ ಗಕ್ಕನೆ ಬ್ರೇಕ್ ಹಾಕಬಾರದು ಎಂದು ಅದರಲ್ಲಿತ್ತು. 2017ರಲ್ಲಿ ಹೊಸ ನಿಯಮಗಳು ಬಂದವು, ಆದರೂ ಈ ಎರಡು ಹೊಣೆ ಹಾಗೇ ಉಳಿದಿವೆ. ಹಿಂದಿನವರಿಗೆ ಅಂತರದ ಹೊಣೆ, ಮುಂದಿನವರಿಗೆ ಕಾರಣವಿಲ್ಲದೆ ನಿಲ್ಲದಿರುವ ಹೊಣೆ. ಕೋರ್ಟು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುತ್ತದೆ.

2018ರಲ್ಲಿ ಸುಪ್ರೀಂ ಕೋರ್ಟಿನಿಂದ ಎರಡು ತಿಂಗಳ ಅಂತರದಲ್ಲಿ ಎರಡು ತೀರ್ಪು ಬಂದವು. ಎರಡರಲ್ಲೂ ಕಾರು ಹೋಗಿ ದೊಡ್ಡ ವಾಹನದ ಹಿಂಭಾಗಕ್ಕೆ ಗುದ್ದಿತ್ತು. ಫೆಬ್ರವರಿಯ ತೀರ್ಪಿನಲ್ಲಿ, ರಾತ್ರಿ ಹೊತ್ತು ದೀಪವಿಲ್ಲದೆ, ಇಂಡಿಕೇಟರ್ ಇಲ್ಲದೆ ರಸ್ತೆಯಲ್ಲೇ ನಿಲ್ಲಿಸಿದ್ದ ಗ್ಯಾಸ್ ಟ್ಯಾಂಕರಿನದೇ ಪೂರ್ತಿ ತಪ್ಪು ಎಂದಾಯಿತು. ಕೆಳಗೆ ಹೈಕೋರ್ಟು ಅರ್ಧ ತಪ್ಪನ್ನು ಕಾರಿನ ಮೇಲೆ ಹಾಕಿತ್ತು, ಅದನ್ನು ಸುಪ್ರೀಂ ಕೋರ್ಟು ತೆಗೆದುಹಾಕಿತು. ಏಪ್ರಿಲ್‌ನ ತೀರ್ಪಿನಲ್ಲಿ, ಓಡುತ್ತಿದ್ದ ಲಾರಿಯ ಹಿಂದೆ ಬರೀ 10–15 ಅಡಿ ಅಂತರ ಬಿಟ್ಟು ಹೋಗುತ್ತಿದ್ದ ಕಾರು ಗುದ್ದಿತ್ತು. ಅದು ಸುರಕ್ಷಿತ ಅಂತರವೇ ಅಲ್ಲ, ಹೊಣೆ ಕಾರು ಓಡಿಸುತ್ತಿದ್ದವರದೇ ಎಂದು ಕೋರ್ಟು ಹೇಳಿತು, ಲಾರಿಯ ಮೇಲೆ ಹಾಕಿದ್ದ ಕ್ಲೇಮ್ ನಿಲ್ಲಲಿಲ್ಲ.

15 ಅಡಿ ಅಂದರೆ ಎಷ್ಟು ಅಂತ ಒಂದು ಲೆಕ್ಕ ಹಾಕಿ ನೋಡಿ. ಸುಮಾರು ನಾಲ್ಕೂವರೆ ಮೀಟರ್, ಒಂದು ಕಾರಿನ ಉದ್ದ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಹದಿನಾರು–ಹದಿನೇಳು ಮೀಟರ್ ಹೋಗುತ್ತದೆ. ಅಂದರೆ ಆ 15 ಅಡಿ ಕಾಲು ಸೆಕೆಂಡಿನಲ್ಲಿ ಮುಗಿದುಹೋಯಿತು. ಮುಂದಿನ ಕೆಂಪು ದೀಪ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವುದಕ್ಕೇ ಒಂದು ಸೆಕೆಂಡು ಬೇಕು. 80ರ ವೇಗದಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲಿ 22 ಮೀಟರ್ ಹೋಗುತ್ತೀರಿ, ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಇದ್ದರೂ ನಿಲ್ಲಲು ಇನ್ನೂ 35 ಮೀಟರ್ ಹತ್ತಿರ ಬೇಕು. ಇಳಿಜಾರಾದರೆ ಇನ್ನೂ ಜಾಸ್ತಿ. ಹಾಗಾಗಿ ‘ನಿಮಗೂ ಮುಂದಿನ ವಾಹನಕ್ಕೂ ಎಷ್ಟು ಅಂತರವಿತ್ತು’ ಎಂದು ಯಾರಾದರೂ ಕೇಳಿದಾಗ, ಹತ್ತಿರ ಇದ್ದೆ ಅಂತಲೋ ದೂರ ಇದ್ದೆ ಅಂತಲೋ ಬಾಯಿಗೆ ಬಂದದ್ದು ಹೇಳಬೇಡಿ. ನಿಜ ನೆನಪಿದ್ದರೆ ‘ಮೂರು ಕಾರು ನಿಲ್ಲುವಷ್ಟು’ ಅಂತ ಹೇಳಿ. ನೆನಪಿಲ್ಲದಿದ್ದರೆ ನೆನಪಿಲ್ಲ ಅಂತಲೇ ಹೇಳಿ. ಆ ಏಪ್ರಿಲ್‌ನ ಕೇಸಿನಲ್ಲಿ ಕ್ಲೇಮನ್ನು ಮುಳುಗಿಸಿದ್ದು ಆ 10–15 ಅಡಿಯೇ.

ನಿಮ್ಮ ಟ್ಯಾಕ್ಸಿಯ ವಿಷಯಕ್ಕೆ ಹತ್ತಿರವಾದ ತೀರ್ಪು 2025ರ ಜುಲೈನಲ್ಲಿ ಬಂದಿದೆ. ಘಟನೆ ನಡೆದದ್ದು 2017ರಲ್ಲಿ, ಕೊಯಮತ್ತೂರಿನಲ್ಲಿ. ಹೆದ್ದಾರಿಯಲ್ಲಿ ಹೋಗುತ್ತಿದ್ದ ಕಾರು ಇದ್ದಕ್ಕಿದ್ದಂತೆ ನಿಂತಿತು, ಹಿಂದೆ ಬೈಕಿನಲ್ಲಿ ಬರುತ್ತಿದ್ದ ಇಂಜಿನಿಯರಿಂಗ್ ಓದುವ ಹುಡುಗ ಅದಕ್ಕೆ ಗುದ್ದಿ ಬಿದ್ದ, ಹಿಂದಿನಿಂದ ಬಂದ ಬಸ್ಸು ಅವನ ಮೇಲೆ ಹರಿಯಿತು. ಎಡಗಾಲು ಹೋಯಿತು. ಗರ್ಭಿಣಿ ಹೆಂಡತಿಗೆ ವಾಂತಿ ಬಂದ ಹಾಗಾಯಿತು, ಅದಕ್ಕೇ ನಿಲ್ಲಿಸಿದೆ ಎಂದು ಕಾರಿನವರು ಹೇಳಿದರು. ಕೋರ್ಟು ಒಪ್ಪಲಿಲ್ಲ. ಹೆದ್ದಾರಿಯಲ್ಲಿ ವಾಹನಗಳು ವೇಗವಾಗಿ ಬರುತ್ತಿರುತ್ತವೆ, ನಿಲ್ಲಬೇಕಾದರೆ ಹಿಂದಿನವರಿಗೆ ಸೂಚನೆ ಕೊಡುವುದು ನಿಲ್ಲುವವರ ಹೊಣೆ ಅಂದಿತು. ಕಾರಿಗೆ 50, ಬಸ್ಸಿಗೆ 30, ಹುಡುಗನಿಗೆ 20 ಎಂದು ತಪ್ಪನ್ನು ನೂರರಲ್ಲಿ ಹಂಚಿತು. ಹುಡುಗನಿಗೆ ಯಾಕೆ 20? ಅವನೂ ಸಾಕಷ್ಟು ಅಂತರ ಇಟ್ಟಿರಲಿಲ್ಲ, ಲೈಸೆನ್ಸೂ ಇರಲಿಲ್ಲ. ನೋಡಿ, ಅಲ್ಲಿ ಎಲ್ಲರಿಗಿಂತ ಮುಂದೆ ಇದ್ದವರ ಮೇಲೆ ಎಲ್ಲರಿಗಿಂತ ಜಾಸ್ತಿ ಪಾಲು ಬಂತು. ಹೆಂಡತಿಗೆ ಮೈ ಸರಿಯಿಲ್ಲ ಅನ್ನುವ ಕಾರಣ ಕೊಟ್ಟವರ ಮೇಲೇ ಅಷ್ಟು ಹೊಣೆ ಬಂದ ಮೇಲೆ, ಪ್ಯಾಸೆಂಜರ್ ಹತ್ತಿಸಲು ಹೆದ್ದಾರಿಯ ಓಡುವ ಲೇನಿನಲ್ಲೇ ನಿಂತ ಟ್ಯಾಕ್ಸಿ ‘ನಾನು ಮುಂದಿದ್ದೆ, ನನ್ನ ತಪ್ಪೇನಿಲ್ಲ’ ಅಂದರೆ ನಡೆಯುವುದು ಕಷ್ಟ.

ಆದರೆ ನಿಮ್ಮ ಕೇಸಿನ ಗಂಟು ಟ್ಯಾಕ್ಸಿಯ ಹತ್ತಿರ ಇಲ್ಲ. ಅದು ಇರುವುದು ನಿಮ್ಮ ಕಾರು ಮತ್ತು ಟ್ಯಾಕ್ಸಿಯ ನಡುವಿನ ಆ ಸ್ವಲ್ಪ ಜಾಗದಲ್ಲಿ. ಟೆಂಪೊ ಗುದ್ದುವ ಮೊದಲೇ ನಿಮ್ಮ ಕಾರು ನಿಂತಿತ್ತಾ, ಅಥವಾ ಟ್ಯಾಕ್ಸಿಗೆ ಆಗಲೇ ತಾಗಿತ್ತಾ? ನಿಂತಿದ್ದರೆ ನೀವು ನಿಮ್ಮ ಹೊಣೆ ಪೂರ್ತಿ ಮಾಡಿದ್ದೀರಿ. ಬೇಕಾದಷ್ಟು ಅಂತರವಿತ್ತು ಅನ್ನುವುದಕ್ಕೆ ಕಾರು ನಿಂತಿತು ಅನ್ನುವುದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಡ. ಆಗ ಟ್ಯಾಕ್ಸಿಗೆ ಬಡಿದದ್ದು ನಿಮ್ಮ ಕಾರೇ ಆದರೂ ಬಡಿಸಿದ್ದು ಟೆಂಪೊ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಹೆಚ್ಚಿನ ತಪ್ಪು ಟೆಂಪೊದ್ದು, ಒಂದು ಪಾಲು ಟ್ಯಾಕ್ಸಿಯದು, ನಿಮ್ಮದು ಏನೂ ಇಲ್ಲ. ಮೊದಲೇ ತಾಗಿದ್ದರೆ ಮಾತ್ರ ನಿಮ್ಮ ತಲೆಗೂ ಒಂದು ಪಾಲು ಬರುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಇದನ್ನು ಗೊತ್ತು ಮಾಡುವುದು ಹೇಗೆ? ವಾಹನಗಳೇ ಹೇಳುತ್ತವೆ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಮೂರು ಕಾರಿನ ಕೇಸಿನಲ್ಲಿ, ಠಾಣೆಯ ಹಿಂದಿನ ಅಂಗಳದಲ್ಲಿ ನಿಲ್ಲಿಸಿದ್ದ ಕಾರುಗಳ ಪಕ್ಕ ನಾನು ಆರ್‌ಟಿಓ ಇನ್‌ಸ್ಪೆಕ್ಟರ್ ಜೊತೆ ನಿಂತಿದ್ದೆ. ಅವರು ಟೇಪ್ ತೆಗೆದುಕೊಂಡು ಮಂಡಿಯೂರಿ ಕೂತರು. ಮುಂದಿನ ಕಾರಿನ ಹಿಂಬಂಪರಿನ ಮೇಲೆ ಎರಡು ಸಣ್ಣ ದುಂಡನೆಯ ಗುಳಿ ಬಿದ್ದಿದ್ದವು. ನಡುವಿನ ಕಾರಿನ ನಂಬರ್ ಪ್ಲೇಟಿನ ಎರಡು ಬೋಲ್ಟಿನ ಗುರುತು. ನೆಲದಿಂದ ಆ ಗುಳಿ ಎಷ್ಟು ಎತ್ತರ, ಬೋಲ್ಟ್ ಎಷ್ಟು ಎತ್ತರ ಎಂದು ಅಳೆದರು. ಎರಡೂ ಹೆಚ್ಚುಕಡಿಮೆ ಒಂದೇ. ಜೋರಾಗಿ ಬ್ರೇಕ್ ಹಾಕಿದಾಗ ಕಾರಿನ ಮೂತಿ ಕೆಳಗೆ ಬಾಗುತ್ತದೆ, ನೀವೂ ನೋಡಿರುತ್ತೀರಿ. ಬ್ರೇಕ್ ಹಾಕುತ್ತಾ ಹೋಗಿ ಗುದ್ದಿದ್ದರೆ ಗುರುತು ಬೋಲ್ಟಿನ ಎತ್ತರಕ್ಕಿಂತ ಕೆಳಗೆ ಬೀಳಬೇಕಿತ್ತು. ಎತ್ತರ ಒಂದೇ ಇದೆ ಅಂದರೆ ಕಾರು ಆಗಲೇ ನಿಂತು, ಮೂತಿ ಮೇಲೆದ್ದು, ಆಮೇಲೆ ಹಿಂದಿನಿಂದ ತಳ್ಳಿಸಿಕೊಂಡು ಹೋಗಿರುವ ಸಾಧ್ಯತೆ ಜಾಸ್ತಿ. ಇದೊಂದೇ ಸಾಲದು, ಕಾರಿನಲ್ಲಿ ಎಷ್ಟು ಜನ, ಎಷ್ಟು ಲಗೇಜು ಇತ್ತು ಅನ್ನುವುದರ ಮೇಲೂ ಎತ್ತರ ಬದಲಾಗುತ್ತದೆ. ಆದರೂ ಆ ಟೇಪಿನ ಅಳತೆಗೆ ಕೋರ್ಟಿನಲ್ಲಿ ಬಹಳ ಬೆಲೆ ಬಂತು.

ಅದೇ ಕೇಸಿನಲ್ಲಿ ಮುಂದಿನ ಕಾರಿನಲ್ಲಿ ಕೂತಿದ್ದ ವಯಸ್ಸಾದ ಅಜ್ಜಿಯೊಬ್ಬರನ್ನು ಸಾಕ್ಷಿಗೆ ಕರೆದಿದ್ದೆವು. ನಾನು ಕೇಳಿದ್ದು ಒಂದೇ ಪ್ರಶ್ನೆ: ಅಜ್ಜಿ, ಎಷ್ಟು ಸಲ ಪೆಟ್ಟು ಬಿತ್ತು? ಅವರು ಬೆರಳೆತ್ತಿ ‘ಏಕ್‌ಚ್’ ಅಂದರು, ಒಂದೇ ಸಲ. ನಡುವಿನ ಕಾರು ತಾನಾಗಿ ಬಂದು ಗುದ್ದಿ, ಆಮೇಲೆ ಅದಕ್ಕೆ ಹಿಂದಿನಿಂದ ಬಡಿದಿದ್ದರೆ ಮುಂದೆ ಕೂತವರಿಗೆ ಎರಡು ಪೆಟ್ಟು ಗೊತ್ತಾಗಬೇಕಿತ್ತು. ಹಾಗಾಗಿ ಆ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಯಾರಾದರೂ ಇದ್ದರೆ, ಹತ್ತಲು ಬಂದವರು ಅಲ್ಲೇ ನಿಂತು ನೋಡಿದ್ದರೆ, ಅವರ ಮಾತು ನಿಮಗೆ ಚಿನ್ನ. ನಿಮ್ಮ ಮನೆಯವರನ್ನೂ ಸಮಾಧಾನವಾಗಿ ಕೇಳಿ: ಮೊದಲು ತಲೆ ಹಿಂದಕ್ಕೆ ಸೀಟಿಗೆ ಬಡಿಯಿತಾ, ಅಥವಾ ಮೊದಲು ಮುಂದಿನಿಂದ ‘ಧಡ್’ ಅಂತ ಸದ್ದು ಬಂತಾ? ಅವರ ಉತ್ತರವನ್ನು ನೀವು ತಿದ್ದಬೇಡಿ. ಅವರಿಗೆ ನೆನಪಿರುವ ಹಾಗೇ ಒಂದು ಹಾಳೆಯಲ್ಲಿ ಬರೆದಿಟ್ಟು ತಾರೀಕು ಹಾಕಿ.

ಕಾರನ್ನು ರಿಪೇರಿಗೆ ಬಿಟ್ಟಿದ್ದರೆ ಈಗಲೇ ಫೋನ್ ಮಾಡಿ ಕೆಲಸ ನಿಲ್ಲಿಸಿ. ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ನೋಡಿ ಹೋಗುವ ತನಕ, ನೀವು ಬೇಕಾದಷ್ಟು ಫೋಟೋ ತೆಗೆಯುವ ತನಕ ಬಂಪರ್ ಬಿಚ್ಚಬಾರದು. ಪಕ್ಕದಲ್ಲಿ ಟೇಪ್ ಹಿಡಿದು, ಮುಂದಿನ ಹಾನಿ, ಹಿಂದಿನ ಹಾನಿ ಎರಡನ್ನೂ ನೆಲದಿಂದ ಎತ್ತರ ಕಾಣುವ ಹಾಗೆ ಫೋಟೋ ತೆಗೆಯಿರಿ. ಹಿಂದಿನ ಹಾನಿ ದೊಡ್ಡದು, ಮುಂದಿನದು ಚಿಕ್ಕದು ಇದ್ದರೆ ಅದೂ ನಿಮ್ಮ ಮಾತಿಗೆ ಪುಷ್ಟಿ. ಡ್ಯಾಶ್‌ಕ್ಯಾಮ್ ಇದ್ದರೆ ಕಾರ್ಡನ್ನು ಹೊರಗೆ ತೆಗೆದಿಡಿ, ಅದು ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡು ಹೋಗುತ್ತದೆ. ಅದನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್ ಬೇಕು, ಅದನ್ನು ನಿಮ್ಮ ವಕೀಲರು ಮಾಡಿಸುತ್ತಾರೆ. ರಸ್ತೆ ಬದಿಯ ಹೋಟೆಲು, ಪೆಟ್ರೋಲ್ ಬಂಕುಗಳ ಕ್ಯಾಮೆರಾವೂ ಹಾಗೇ ಅಳಿಸಿ ಹೋಗುತ್ತದೆ, ಇವತ್ತು ನಾಳೆಯಲ್ಲೇ ಹೋಗಿ ಕೇಳಿ. ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಖೇಡ್ ಶಿವಾಪುರ ಟೋಲಿನಲ್ಲಿ ನಿಮ್ಮ ಫಾಸ್ಟ್ಯಾಗ್‌ನಿಂದ ದುಡ್ಡು ಕಟ್ಟಾದ ಸಮಯ ಮೆಸೇಜಿನಲ್ಲಿ ಇರುತ್ತದೆ. ಅಪಘಾತವಾದ ಕೂಡಲೇ ನೀವು ಮಾಡಿದ ಮೊದಲ ಫೋನಿನ ಸಮಯವೂ ಇರುತ್ತದೆ. ಟೋಲಿನಿಂದ ಅಪಘಾತದ ಜಾಗಕ್ಕಿರುವ ದೂರವನ್ನು ಇವೆರಡರ ನಡುವಿನ ಸಮಯದಿಂದ ಭಾಗಿಸಿದರೆ ನಿಮ್ಮ ಸರಾಸರಿ ವೇಗ ಬರುತ್ತದೆ. ಗುದ್ದಿದ ಗಳಿಗೆಯ ವೇಗ ಅದರಿಂದ ಸಿಗುವುದಿಲ್ಲ, ನಿಜ. ಆದರೆ ‘ಅವರು ನೂರಿಪ್ಪತ್ತರಲ್ಲಿ ಬರುತ್ತಿದ್ದರು’ ಎಂದು ಎದುರಿನವರು ಹೇಳಿದರೆ ಆ ಮಾತಿಗೆ ಉತ್ತರ ನಿಮ್ಮ ಮೊಬೈಲಿನಲ್ಲೇ ಇದೆ.

ಟೆಂಪೊದವನ ‘ಬ್ರೇಕ್ ಫೇಲ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಆ ಇಳಿಜಾರಿನಲ್ಲಿ ಇದು ಎಲ್ಲರ ಬಾಯಲ್ಲೂ ಇರುವ ಮಾತು. 2022ರ ನವೆಂಬರ್‌ನಲ್ಲಿ ಅಲ್ಲೇ ಒಂದು ಭಾರಿ ವಾಹನ ಹತ್ತಾರು ವಾಹನಗಳಿಗೆ ಗುದ್ದಿಕೊಂಡು ಹೋದದ್ದು ಪುಣೆಯಲ್ಲಿರುವ ನಮಗೆಲ್ಲ ನೆನಪಿದೆ. ಸುರಂಗ ದಾಟಿದ ಮೇಲೆ ಉದ್ದಕ್ಕೂ ಇಳಿಜಾರು. ಡೀಸೆಲ್ ಉಳಿಯಲಿ ಎಂದು ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಡುವವರಿದ್ದಾರೆ. ಆಗ ಇಂಜಿನ್ನಿನ ಹಿಡಿತ ಇರುವುದಿಲ್ಲ, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಒತ್ತಿ ಒತ್ತಿ ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ಅದು ಬ್ರೇಕಿನ ತಪ್ಪಲ್ಲ, ಓಡಿಸಿದವರ ತಪ್ಪು. ನಿಜವಾಗಿಯೇ ಯಂತ್ರ ಕೈಕೊಟ್ಟಿದ್ದರೂ, ತಾನು ಗಾಡಿಯನ್ನು ಸರಿಯಾಗಿ ನೋಡಿಕೊಂಡಿದ್ದೆ, ಎಷ್ಟು ಎಚ್ಚರ ವಹಿಸಿದರೂ ಈ ದೋಷ ಗೊತ್ತಾಗುವಂಥದ್ದಲ್ಲ ಎಂದು ಸಾಬೀತು ಮಾಡಬೇಕಾದದ್ದು ಮಾಲೀಕರೇ. ಇದನ್ನು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದೆ, ಅದೂ ಮುಂಬಯಿಯ ಒಂದು ಲಾರಿ ಅಪಘಾತದ ಕೇಸಿನಲ್ಲಿ. ಬಾಯಿಮಾತು ಸಾಲದು. ಆರ್‌ಟಿಓ ಇನ್‌ಸ್ಪೆಕ್ಟರ್ ಟೆಂಪೊದ ಬ್ರೇಕ್ ಪರೀಕ್ಷೆ ಮಾಡಿ ಬರೆದ ವರದಿ ಬೇಕು. ಅದಾಗಬೇಕಾದರೆ ಪೊಲೀಸ್ ಕೇಸು ದಾಖಲಾಗಬೇಕು.

ಇಲ್ಲಿಗೆ ನಿಮ್ಮ ಆ ಸಹಿ ಹಾಕಿದ ಕಾಗದ ಬರುತ್ತದೆ. ಇಲ್ಲಿ ಅದಕ್ಕೆ ತಡಜೋಡನಾಮಾ ಅನ್ನುತ್ತಾರೆ, ರಾಜಿ ಪತ್ರ. ಫೋಟೋ ಇದ್ದರೆ ಮರಾಠಿ ಚೆನ್ನಾಗಿ ಬಲ್ಲವರ ಹತ್ತಿರ ಓದಿಸಿ. ‘ಮಾಝಿ ಚೂಕ್ ಝಾಲಿ’ ಅಂತ ಇದೆಯಾ ನೋಡಿ. ನನ್ನ ತಪ್ಪಾಯಿತು ಎಂದು ಅರ್ಥ. ಇದ್ದರೂ ಹೆದರಬೇಡಿ. ಅದು ನಿಮ್ಮ ವಿರುದ್ಧ ಒಂದು ಸಾಕ್ಷಿ ಆಗಬಹುದೇ ಹೊರತು ಕೊನೆಯ ತೀರ್ಪಲ್ಲ. ಬಾರದ ಭಾಷೆಯಲ್ಲಿ, ರಾತ್ರಿ ಹೊತ್ತು, ಜನ ಸುತ್ತುವರಿದಾಗ ಹಾಕಿದ ಸಹಿ ಎಂದು ನೀವು ವಿವರಿಸಬಹುದು. ಆದರೆ ಸುಮ್ಮನಿದ್ದರೆ ಆಗುವುದಿಲ್ಲ. ನಿಮ್ಮ ಪಾಲಿಸಿಯ ಷರತ್ತುಗಳಲ್ಲೇ, ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇನೆ ಅನ್ನಬಾರದು ಎಂದಿರುತ್ತದೆ. ಹಾಗಾಗಿ ಇನ್ಶೂರೆನ್ಸಿಗೆ ಇವತ್ತೇ ಬರೆಯಿರಿ. ಆ ಕಾಗದವನ್ನೂ ಆ 8,000ವನ್ನೂ ಮುಚ್ಚಿಡದೆ ಹೇಳಿ. ಆಮೇಲೆ ಅವರೇ ಕಂಡುಹಿಡಿದರೆ ನಿಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಹಾಗೇ ಆ ಭಾಗದ ಠಾಣೆಗೆ ಹೋಗಿ ದೂರು ಕೊಡಿ. ತಡವಾದದ್ದಕ್ಕೆ ಕಾರಣವನ್ನು ದೂರಿನಲ್ಲೇ ಬರೆಯಿರಿ: ಮೊದಲು ನೋವು ಗೊತ್ತಾಗಲಿಲ್ಲ, ಈಗ ಡಾಕ್ಟರಿಗೆ ತೋರಿಸಿದ್ದೇವೆ ಎಂದು. ಪೊಲೀಸರು ಮರಾಠಿಯಲ್ಲಿ ಬರೆದುಕೊಂಡರೆ ‘ಓದಿ ಹೇಳಿ, ಹಿಂದಿಯಲ್ಲಿ ಅರ್ಥ ಹೇಳಿ’ ಎಂದು ಕೇಳಿ, ಆಮೇಲೆ ಸಹಿ ಹಾಕಿ. ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗಬೇಕು, ಕೇಳಿ ಪಡೆಯಿರಿ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281, ಗಾಯವಾಗಿರುವುದಕ್ಕೆ 125, ಹಳೆಯ ಐಪಿಸಿಯ 279 ಮತ್ತು 337, 338ರ ಜಾಗದಲ್ಲಿ ಈಗ ಇವು. ಪಂಚನಾಮೆ, ನಮ್ಮ ಕಡೆ ಮಹಜರು ಅನ್ನುತ್ತೇವಲ್ಲ ಅದು, ಜಾಗ ಸರಿಯಾಗಿ ತೋರಿಸಿ ಮಾಡಿಸಿ.

ಒಂದು ವೇಳೆ ಪೊಲೀಸರು ನಿಮ್ಮ ಹೆಸರನ್ನೇ ಆರೋಪಿ ಅಂತ ಬರೆದರೂ ಕೈಚೆಲ್ಲಬೇಡಿ. ಕ್ರಿಮಿನಲ್ ಕೇಸಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಸಾಬೀತಾಗಬೇಕು. ಪರಿಹಾರ ಕೊಡುವ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಲೆಕ್ಕ ಬೇರೆ, ಎರಡು ಕಥೆಯಲ್ಲಿ ಯಾವುದು ಹೆಚ್ಚು ನಂಬುವಂತಿದೆ ಎಂದಷ್ಟೇ ನೋಡುತ್ತಾರೆ. ಎಫ್‌ಐಆರ್ ಅಲ್ಲಿ ಒಂದು ಕಾಗದ ಮಾತ್ರ. ನಿಮ್ಮದೂ ಪಾಲಿದೆ ಎಂದು ಯಾರು ಹೇಳುತ್ತಾರೋ ಅದನ್ನು ತೋರಿಸಿಕೊಡುವ ಹೊಣೆಯೂ ಅವರದೇ. ಹಾಗೇ, ಒಂದು ನಿಯಮ ಮುರಿದದ್ದೇ ತಪ್ಪಿನ ಪಾಲಾಗುವುದಿಲ್ಲ, ಆ ಮುರಿದದ್ದಕ್ಕೂ ಅಪಘಾತಕ್ಕೂ ನಂಟು ಇರಬೇಕು. ನಿಮ್ಮ ಕಾರಿನ ಹೊಗೆ ತಪಾಸಣೆಯ ಪಿಯುಸಿ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು ಅಂದುಕೊಳ್ಳಿ, ಅದಕ್ಕೂ ಟೆಂಪೊ ಬಂದು ಗುದ್ದಿದ್ದಕ್ಕೂ ಏನು ಸಂಬಂಧ, ಅಲ್ವಾ?

ಮನೆಯವರ ವಿಷಯ ಇನ್ನೂ ಸುಲಭ, ಇದನ್ನು ನೀವಿಬ್ಬರೂ ಸಮಾಧಾನವಾಗಿ ಓದಿ. ಅವರು ಕಾರು ಓಡಿಸುತ್ತಿರಲಿಲ್ಲ, ಕೂತಿದ್ದರು. ಮೂವರು ಚಾಲಕರಲ್ಲಿ ಯಾರದು ಎಷ್ಟು ಪಾಲು ಅನ್ನುವುದು ಅವರ ತಲೆನೋವಲ್ಲ. ಇದಕ್ಕೆ ಕೋರ್ಟಿನಲ್ಲಿ ಕಾಂಪೊಸಿಟ್ ನೆಗ್ಲಿಜೆನ್ಸ್ ಅನ್ನುತ್ತಾರೆ, ಅಂದರೆ ಹಲವರ ತಪ್ಪು ಸೇರಿ ಏನೂ ತಪ್ಪು ಮಾಡದವರಿಗೆ ಗಾಯವಾಗುವುದು. 2015ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅವರು ತಪ್ಪಿತಸ್ಥರಲ್ಲಿ ಯಾರಾದರೂ ಒಬ್ಬರಿಂದ ಪೂರ್ತಿ ಪರಿಹಾರ ಕೇಳಬಹುದು, ಉದಾಹರಣೆಗೆ ಟೆಂಪೊದ ಮಾಲೀಕರು ಮತ್ತು ಅದರ ಇನ್ಶೂರೆನ್ಸ್ ಕಂಪನಿಯಿಂದ. ಆಮೇಲೆ ಅವರವರು ಹಂಚಿಕೊಳ್ಳಲಿ. ನಿಮ್ಮದೂ ಸ್ವಲ್ಪ ತಪ್ಪಿದೆ ಎಂದಾದರೂ ನಿಮ್ಮ ಪಾಲನ್ನು ಅವರ ಪರಿಹಾರದಿಂದ ಕಡಿಯುವುದಿಲ್ಲ. ಆ ರಾಜಿ ಪತ್ರಕ್ಕೆ ಸಹಿ ಹಾಕಿದ್ದು ನೀವು, ಅವರಲ್ಲ. ಅವರ ಹಕ್ಕು ಹಾಗೇ ಇದೆ. ನಿಮ್ಮ ಸ್ವಂತ ಗಾಯಕ್ಕೆ, ಕಾರಿನ ಹಾನಿಗೆ ಕೇಳುವಾಗ ಮಾತ್ರ ನಿಮ್ಮ ಪಾಲು ಎಷ್ಟೋ ಅಷ್ಟು ಕಡಿಮೆಯಾಗುತ್ತದೆ.

ಕಾರಿನ ರಿಪೇರಿಗೆ ಸದ್ಯ ನಿಮ್ಮದೇ ಪಾಲಿಸಿಯಲ್ಲಿ ಕ್ಲೇಮ್ ಮಾಡುವುದು ಬೇಗ ಆಗುವ ದಾರಿ. ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಹೋಗಲಿ. ಅಲ್ಲಿ ಸಿಗದೆ ಉಳಿದದ್ದನ್ನು ಟೆಂಪೊದ ಥರ್ಡ್ ಪಾರ್ಟಿ ಇನ್ಶೂರೆನ್ಸಿನಿಂದ ಕೇಳಬಹುದು.

ಪರಿಹಾರದ ಅರ್ಜಿಯನ್ನು ಪುಣೆಯ ನ್ಯಾಯಮಂಡಳಿಯಲ್ಲೇ ಹಾಕಿ. ಅಪಘಾತವಾದ ಊರು, ಗಾಯವಾದವರು ಇರುವ ಊರು, ಎದುರಿನವರು ಇರುವ ಊರು, ಮೂರರಲ್ಲಿ ಎಲ್ಲಾದರೂ ಹಾಕಬಹುದು, ನಿಮಗೆ ಮೊದಲ ಎರಡೂ ಇಲ್ಲೇ ಆಗುತ್ತವೆ. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಅಪಘಾತದ ದಿನದಿಂದ ಆರು ತಿಂಗಳ ಗಡುವು ಬಂದಿದೆ. ಅದರ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಎದ್ದಿದೆ, ಆದರೂ ಅದನ್ನು ನಂಬಿ ಕೂರಬೇಡಿ, ಆರು ತಿಂಗಳೊಳಗೇ ಹಾಕಿಬಿಡಿ. ಬರುವಾಗ ಆಸ್ಪತ್ರೆ ಚೀಟಿ, ಮೂರೂ ವಾಹನದ ನಂಬರು, ಟೇಪ್ ಹಿಡಿದು ತೆಗೆದ ಫೋಟೋ, ಫಾಸ್ಟ್ಯಾಗ್ ಮೆಸೇಜು, ಆ ಮರಾಠಿ ಕಾಗದ ಇಷ್ಟನ್ನೂ ತನ್ನಿ. ಟೆಂಪೊದ ನಂಬರು ನಿಮ್ಮ ಹತ್ತಿರ ಇಲ್ಲದಿದ್ದರೆ ಅದೇ ರಾಜಿ ಪತ್ರದಲ್ಲಿ ಬರೆದಿರಬಹುದು, ಮೊದಲು ಅದನ್ನು ನೋಡಿ.